ಪಿಷ್ಟ ತಗ್ಗಿಸುವ ಪಥ್ಯವೂ ಬೀದರ ಸೀಮೆಯ ಊಟವೂ

ಈಚೆಗೆ ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ಪಟ್ಟಣಗಳಲ್ಲಿಯೂ ಹೊಸದೊಂದು ಪಥ್ಯದ ಮಾತು ಕಿವಿಗೆ ಬೀಳುತ್ತಿದೆ. ಅನ್ನ ಬಿಡಿರಿ, ರೊಟ್ಟಿ ಬಿಡಿರಿ, ತುಪ್ಪ ಮೊಟ್ಟೆಗಳನ್ನು ಯಥೇಚ್ಛವಾಗಿ ತಿನ್ನಿರಿ, ತಿಂಗಳೊಪ್ಪತ್ತಿನಲ್ಲಿ ಮೈ ಇಳಿಯುವುದು, ಮಧುಮೇಹವು ಹಿಮ್ಮೆಟ್ಟುವುದು ಎಂದು ಮೊಬೈಲಿನ ಪರದೆಯ ಮೇಲೆ ಬೋಧಿಸುವವರಿಗೆ ಕೊರತೆಯಿಲ್ಲ. ಕೇಳಿ ಆಚರಿಸುವವರಿಗೂ ಕೊರತೆಯಿಲ್ಲ. ಇದರಲ್ಲಿ ಸತ್ಯಾಂಶವೆಷ್ಟು, ಹುಚ್ಚೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಪಥ್ಯವು ಹೊಸದೆಂಬುದೇ ಮೊದಲನೆಯ ಭ್ರಮೆ. 1863ರಲ್ಲಿಯೇ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯನು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ತ್ಯಜಿಸಿ ಮೈ ಇಳಿಸಿಕೊಂಡ ವೃತ್ತಾಂತವನ್ನು ಕಿರುಹೊತ್ತಿಗೆಯಾಗಿ ಅಚ್ಚುಮಾಡಿಸಿ ಹಂಚಿದ್ದನು. ಸತ್ಯಾಂಶವಿರುವುದಂತೂ ದಿಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು 2023ರಲ್ಲಿ ಅಂದಾಜು ಕೊಟ್ಟಿತು. ಅದರ ಆಹಾರ ಸಂಬಂಧದ ಭಾಗವು 2025ರಲ್ಲಿ ಪ್ರಕಟವಾಯಿತು. ನಾವು ದಿನವಹಿ ಪಡೆಯುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಸಕ್ಕರೆಗಳಿಂದ, ಅಂದರೆ ಕಾರ್ಬೋಹೈಡ್ರೇಟಿನಿಂದ ಬರುತ್ತದೆ. ಪ್ರೋಟೀನಿನ ಪಾಲು ಬರಿಯ 12.

ನಮ್ಮವರು ವಿಶೇಷ ಲಕ್ಷ್ಯಗೊಡಬೇಕಾದ ಮಾತು ಅದರಲ್ಲಿ ಇನ್ನೊಂದುಂಟು. ಅಕ್ಕಿ ಮೈದಾಗಳ ಬದಲು ಅಷ್ಟೇ ಪ್ರಮಾಣದ ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದವರಲ್ಲಿ ಅಪಾಯವು ತಗ್ಗಿದುದು ಕಾಣಲಿಲ್ಲ. ಪಿಷ್ಟದ ಒಟ್ಟು ಪ್ರಮಾಣವನ್ನೇ ಇಳಿಸಿ ಆ ಸ್ಥಳದಲ್ಲಿ ಕಾಳುಬೇಳೆ, ಹಾಲುಮೊಸರುಗಳನ್ನಿಟ್ಟವರಲ್ಲಿ ತಗ್ಗಿದುದು ಕಂಡಿತು. ಜೋಳದ ನಾಡಿನವರಾದ ನಮಗೆ ಇದು ತುಸು ಕಹಿಯೇ. ಜೋಳದಲ್ಲಿ ನಾರು ಹೆಚ್ಚು, ಅಕ್ಕಿಗಿಂತ ಅದು ಮೇಲು, ಒಪ್ಪುವೆವು. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಜೋಳದಲ್ಲಿಯೂ 68 ಇದೆ. ದಿನವೆಲ್ಲ ಹೊಲದಲ್ಲಿ ದುಡಿಯುವವನಿಗೆ ನಾಲ್ಕು ರೊಟ್ಟಿ ಸಲ್ಲುತ್ತವೆ. ಕಚೇರಿಯಲ್ಲಿ ಕುಳಿತು ಕಡತ ತಿರುವುವವನಿಗೂ ಅವೇ ನಾಲ್ಕು, ಮೇಲೆ ಅನ್ನ ಎಂದರೆ ಲೆಕ್ಕ ಕೂಡದು. ಇನ್ನು ಚಹದ ಲೆಕ್ಕವನ್ನಂತೂ ಯಾರೂ ಹಿಡಿಯುವುದಿಲ್ಲ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ಒಂದು ರೊಟ್ಟಿಯ ಪಿಷ್ಟಕ್ಕೆ ಅದೇನೂ ಕಡಿಮೆಯಲ್ಲ. ರೊಟ್ಟಿಯನ್ನು ಹಳಿಯುತ್ತ ಚಹದಲ್ಲಿ ಬಿಸ್ಕತ್ತು ಅದ್ದುವ ಪಥ್ಯಸ್ಥರನ್ನು ಕಚೇರಿಗಳ ಸುತ್ತಮುತ್ತ ನಾವು ಬೇಕಾದಷ್ಟು ಕಂಡಿದ್ದೇವೆ.

ವಿವೇಕದ ಪಥ್ಯಕ್ಕೆ ಪರದೇಶದ ಪದಾರ್ಥವೇನೂ ಬೇಕಾಗಿಲ್ಲ. ತಾಟಿನ ಅರ್ಧಭಾಗ ಪುಂಡಿಪಲ್ಯ, ಮೆಂತ್ಯ, ಬದನೆ, ಹೀರೆಗಳಿರಲಿ. ಕಾಲುಭಾಗ ಗಟ್ಟಿಬೇಳೆ, ಮೊಳಕೆಕಾಳು, ಉಣ್ಣುವವರಿಗೆ ಮೊಟ್ಟೆ ಮಾಂಸ. ಉಳಿದ ಕಾಲುಭಾಗದಲ್ಲಿ ರೊಟ್ಟಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯು ಹಸಿಕಾಳು, ಸೊಪ್ಪು, ತರಕಾರಿಗಳ ಕೂಟವಲ್ಲದೆ ಮತ್ತೇನು? ವರ್ಷಕ್ಕೊಮ್ಮೆ ಮಾಡುವುದನ್ನು ವಾರಕ್ಕೊಮ್ಮೆ ಮಾಡಬಾರದೆಂದು ಯಾವ ಶಾಸ್ತ್ರವೂ ತಡೆಯದು. ಹುಗ್ಗಿ ಹೋಳಿಗೆಗಳು ಹಬ್ಬಕ್ಕೇ ಉಳಿದರೆ ಸಾಕು.

ಪಿಷ್ಟವನ್ನು ಒಮ್ಮೆಲೆ ಪೂರ್ಣ ಬಿಡುವವರಿಗೆ ಮಾತ್ರ ಸ್ಪಷ್ಟ ಎಚ್ಚರಿಕೆ ಕೊಡಬೇಕಾಗಿದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಸಕ್ಕರೆ ಇಳಿಸುವ ಗುಳಿಗೆ ನುಂಗುವವರು ವೈದ್ಯರಿಗೆ ತಿಳಿಸದೆ ಹೀಗೆ ಮಾಡಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮೂರ್ಛೆಯವರೆಗೂ ಹೋಗಬಹುದು. ಕೆಲವು ಹೊಸ ಗುಳಿಗೆಗಳೊಡನೆ ಇಂಥ ಪಥ್ಯ ಸೇರಿದರೆ ರಕ್ತದಲ್ಲಿ ಆಮ್ಲವೇರಿ ಪ್ರಾಣಕ್ಕೇ ಸಂಚಕಾರ. ಬಸಿರಿಯರಿಗೂ ಮೂತ್ರಪಿಂಡದ ರೋಗವುಳ್ಳವರಿಗೂ ಈ ಪ್ರಯೋಗವು ಸಲ್ಲದು. ಬೀದರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೂ ತಾಲೂಕುಗಳಲ್ಲಿ ಸರಕಾರಿ ಆಸ್ಪತ್ರೆಗಳೂ ಇರುವಾಗ ಮೊಬೈಲನ್ನೇ ವೈದ್ಯನನ್ನಾಗಿ ಮಾಡಿಕೊಳ್ಳುವುದೇಕೆ?

ಇದೆಲ್ಲ ಆಯ್ದು ಉಣ್ಣಬಲ್ಲವರ ಮಾತಾಯಿತು. ಪಡಿತರದ ಅಕ್ಕಿಯೇ ಆಧಾರವಾದ ಕೂಲಿಕಾರನಿಗೆ ಅನ್ನ ಬಿಡೆನ್ನುವುದು ಕ್ರೌರ್ಯ. 2013ರಲ್ಲಿ ಬಂದ ಅನ್ನಭಾಗ್ಯವು ಹಸಿವನ್ನು ತಡೆಯಿತು. ನಾವು ಅದನ್ನು ಹಳಿಯುವವರಲ್ಲ. ಆದರೆ ನಮ್ಮದು ತೊಗರಿ, ಕಡಲೆ, ಹೆಸರು, ಉದ್ದು, ಸೋಯಾ ಬೆಳೆಯುವ ಭೂಮಿ. ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂನಷ್ಟಾದರೆ ತೊಗರಿಬೇಳೆಯಲ್ಲಿ ಸುಮಾರು 22. ಗಾಂಧಿಗಂಜಿನಿಂದ ಆ ಕಾಳು ಲಾರಿಗಟ್ಟಲೆ ಹೊರಬೀಳುತ್ತಿರಲು, ಬೆಳೆದವನ ಮನೆಯಲ್ಲಿ ಅನ್ನದ ರಾಶಿಯ ಮೇಲೆ ತಿಳಿಸಾರು ಎಂಬುದು ಎಂಥ ವಿಪರೀತ! ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಕಿಟ್ಟನ್ನು ಕೊಡಲು ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ನಿರ್ಧರಿಸಿತು. ಬೇಳೆಯನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಸಕ್ಕರೆ ಅಲ್ಲೇಕೆ ನುಸುಳಿತೆಂಬುದು ನಮಗೆ ತಿಳಿಯದು. ಅದರ ಹಣಕ್ಕೂ ಬೇಳೆಯನ್ನೇ ಕೊಡಲಿ. ಈ ಜಿಲ್ಲೆಗೆ ಬೇಕಾಗುವ ತೊಗರಿಯನ್ನು ಬೀದರ, ಭಾಲ್ಕಿ, ಔರಾದಗಳ ಪೇಟೆಯಲ್ಲಿಯೇ ಬೆಂಬಲ ಬೆಲೆಗೆ ಕಡಿಮೆಯಾಗದಂತೆ ಕೊಳ್ಳಲಿ. ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನೆತ್ತುವರೆಂದು ನಿರೀಕ್ಷಿಸುತ್ತೇವೆ.