ದಿನ ಉದ್ದ, ವರ್ಷ ಗಿಡ್ಡ: ಹೊತ್ತು ಯಾಕೆ ಹೀಗೆ ಓಡುತ್ತದೆ?

"ಮೊನ್ನೆ ಮೊನ್ನೆ ಗಣಪತಿ ಕೂರಿಸಿದ ಹಾಗಿದೆ, ಆಗಲೇ ಇನ್ನೊಂದು ಚವತಿ ಬಂತಲ್ಲ!" ಈ ಮಾತು ಮೌಳಂಗಿಯಲ್ಲೂ ಕೇಳುತ್ತದೆ, ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಹಳಿಯಾಳದ ಸಂತೆಯಲ್ಲೂ ಕೇಳುತ್ತದೆ. ಹೇಳುವವರು ಹೆಚ್ಚಾಗಿ ನಲವತ್ತು ದಾಟಿದವರು. ಅದೇ ಮನೆಯ ಮಗುವನ್ನು ಕೇಳಿ ನೋಡಿ. "ಇನ್ನೂ ಎಷ್ಟು ದಿನ?" ಎಂದು ಬೆರಳು ಮಡಚುತ್ತಲೇ ಇರುತ್ತದೆ. ಒಂದೇ ಮನೆ, ಗೋಡೆಯ ಮೇಲೆ ಒಂದೇ ಕ್ಯಾಲೆಂಡರ್. ಆದರೆ ಹೊತ್ತು ಮಾತ್ರ ಇಬ್ಬರಿಗೂ ಬೇರೆ ಬೇರೆ.

ಇದು ಕಟ್ಟೆಯ ಮೇಲೆ ಕುಳಿತು ಹರಟುವ ವಿಷಯ ಅಷ್ಟೇ ಎಂದು ಅನಿಸಬಹುದು. ನಮಗೆ ಹಾಗೆ ಅನಿಸುವುದಿಲ್ಲ. ನಮ್ಮ ಹೊತ್ತಿನ ಅಳತೆಯಲ್ಲೇ ಎಲ್ಲರನ್ನೂ ಅಳೆಯುವುದರಿಂದ ಮನೆಯಲ್ಲಿ ಹಿರಿಯರು ಸುಮ್ಮನೆ ಕಾಯುತ್ತಾ ಕೂರುತ್ತಾರೆ. ಊರಿನ ನೆನಪುಗಳು ಬರೆಯುವವರಿಲ್ಲದೆ ಮಣ್ಣಾಗುತ್ತವೆ. ಅದಕ್ಕೇ ಈ ಬರಹ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಐದು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಅದು ಬದುಕಿದ ಬದುಕಿನ ಐದರಲ್ಲಿ ಒಂದು ಪಾಲು. ಐವತ್ತರವರಿಗೆ ಅದೇ ವರ್ಷ ಐವತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ವಯಸ್ಸಾದಂತೆ ವರ್ಷ ಚಿಕ್ಕದಾಗಿ ಕಾಣುತ್ತದೆ ಎಂದು ಫ್ರಾನ್ಸಿನ ಪೌಲ್ ಜಾನೆ ಎಂಬ ತತ್ತ್ವಶಾಸ್ತ್ರಜ್ಞರು 1877ರಲ್ಲೇ ಹೇಳಿದ್ದರು. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಸರಿಯಲ್ಲ.

ಯಾಕೆಂದರೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ 499 ಜನರನ್ನು ಕೇಳಿದ್ದರು. 14 ವರ್ಷದವರಿಂದ 94 ವರ್ಷದವರವರೆಗೆ ಎಲ್ಲರೂ ಅದರಲ್ಲಿದ್ದರು. ಒಂದು ವಾರ, ಒಂದು ತಿಂಗಳು ಎಷ್ಟು ಬೇಗ ಹೋಯಿತು ಎಂದರೆ ಹುಡುಗರೂ ಮುದುಕರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ಕಳೆದ ಹತ್ತು ವರ್ಷ ಹೇಗೆ ಹೋಯಿತು ಎಂದಾಗ ಮಾತ್ರ ವಯಸ್ಸಾದವರು "ಬಹಳ ಬೇಗ" ಎಂದರು. ಆ ವ್ಯತ್ಯಾಸವೂ ದೊಡ್ಡದೇನಲ್ಲ. ಅಂದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಇನ್ನೇನು? ಉತ್ತರ ನಮ್ಮ ಕಾಳಿ ನದಿಯಲ್ಲೇ ಸಿಗುತ್ತದೆ.

ಶನಿವಾರ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಜನ ಬರುತ್ತಾರೆ. ರಾಫ್ಟಿಂಗ್ ಮಾಡುತ್ತಾರೆ, ಕಾಡು ಸುತ್ತುತ್ತಾರೆ, ಮಂಗಟ್ಟೆ ಹಕ್ಕಿ ನೋಡುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ಹೋಗುವಾಗ "ಎರಡೇ ದಿನ, ಆದರೆ ಒಂದು ವಾರ ಇದ್ದ ಹಾಗಾಯಿತು" ಎನ್ನುತ್ತಾರೆ. ಅದೇ ರಾಫ್ಟಿನಲ್ಲಿ ಹುಟ್ಟು ಹಾಕುವ ನಮ್ಮೂರ ಹುಡುಗನನ್ನು ಕೇಳಿ. ಅವನಿಗೆ ಹೋದ ಶನಿವಾರಕ್ಕೂ ಅದರ ಹಿಂದಿನ ಶನಿವಾರಕ್ಕೂ ವ್ಯತ್ಯಾಸ ನೆನಪಿರುವುದಿಲ್ಲ. "ಸೀಸನ್ ಹೆಂಗ್ ಹೋತೋ ಗೊತ್ತಾಗ್ಲಿಲ್ಲ" ಎನ್ನುತ್ತಾನೆ. ನದಿ ಅದೇ, ನೀರು ಅದೇ, ಗಂಟೆಗಳೂ ಅವೇ. ಬಂದವರಿಗೆ ಎಲ್ಲವೂ ಹೊಸದು, ಅದಕ್ಕೇ ಮನಸ್ಸು ಒಂದೊಂದನ್ನೂ ಎತ್ತಿಟ್ಟುಕೊಳ್ಳುತ್ತದೆ. ಹುಡುಗನಿಗೆ ಎಲ್ಲವೂ ನಿನ್ನೆಯದೇ, ಅವನ ಮನಸ್ಸು ಅದನ್ನು ಎತ್ತಿಡುವುದಿಲ್ಲ. ಹಿಂದೆ ತಿರುಗಿ ನೋಡಿದಾಗ ನೆನಪು ಹೆಚ್ಚಿದ್ದರೆ ಹೊತ್ತು ಉದ್ದವಾಗಿ ಕಾಣುತ್ತದೆ, ಕಡಿಮೆ ಇದ್ದರೆ ಗಿಡ್ಡವಾಗಿ ಕಾಣುತ್ತದೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ 23 ವರ್ಷದ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಪರ್ವತದ ಒಂದು ಗುಹೆಯೊಳಗೆ ಸುಮಾರು ಎರಡು ತಿಂಗಳು ಒಬ್ಬರೇ ಇದ್ದರು. ಗಡಿಯಾರ ಇಲ್ಲ, ಸೂರ್ಯ ಇಲ್ಲ. ಸೆಪ್ಟೆಂಬರ್ 14ರಂದು ಹೊರಗಿನವರು "ಅವಧಿ ಮುಗಿಯಿತು, ಬನ್ನಿ" ಎಂದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಎಲ್ಲಿ ಹೋದವೋ ಅವರಿಗೇ ತಿಳಿದಿರಲಿಲ್ಲ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಗುರುತೇ ಇಲ್ಲದಿದ್ದರೆ ದಿನಗಳು ಒಂದರೊಳಗೊಂದು ಕರಗಿಬಿಡುತ್ತವೆ.

ನಮ್ಮ ಅಜ್ಜ ಅಜ್ಜಿಯರ ಮಾತು ಈಗ ಅರ್ಥವಾಗುತ್ತದೆ. "ದಿನಾ ಹೋಗವಲ್ದು, ವರ್ಷ ಮಾತ್ರ ಓಡಾಕತ್ತದ" ಎನ್ನುತ್ತಾರಲ್ಲ, ಅದು ತಪ್ಪು ಲೆಕ್ಕವಲ್ಲ. ಹೊಲದ ಕೆಲಸ ನಿಂತಿದೆ, ಮಕ್ಕಳು ಗೋವಾಕ್ಕೋ ಬೆಳಗಾವಿಗೋ ದುಡಿಯಲು ಹೋಗಿದ್ದಾರೆ. ಮಧ್ಯಾಹ್ನ ಊಟ ಮುಗಿದ ಮೇಲೆ ಸಂಜೆ ಚಹಾದವರೆಗಿನ ಹೊತ್ತು ಬೆಟ್ಟದಷ್ಟು. ಆದರೆ ಅಂಥ ಮುನ್ನೂರು ದಿನ ಕೂಡಿಸಿದರೂ ನೆನಪಿಡುವಂಥದ್ದು ನಾಲ್ಕೇ ನಾಲ್ಕು. ಅದಕ್ಕೇ ದಿನ ಉದ್ದ, ವರ್ಷ ಗಿಡ್ಡ.

ದುಡಿಯುವ ವಯಸ್ಸಿನವರದು ಇದಕ್ಕೆ ಉಲ್ಟಾ. ಅವರಿಗೆ ದಿನವೂ ಗಿಡ್ಡ, ವರ್ಷವೂ ಗಿಡ್ಡ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುವವರಿಗೆ ಈ ವಾರ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ಗೊಂದಲ. ರಿಸಾರ್ಟಿನಲ್ಲಿ ಅಡುಗೆ, ಕ್ಲೀನಿಂಗ್ ಮಾಡುವ ಹೆಣ್ಣುಮಕ್ಕಳಿಗೆ ಮನೆಯ ಒಲೆಯೂ ಅವರದೇ, ರಿಸಾರ್ಟಿನ ಒಲೆಯೂ ಅವರದೇ. ಒಂದು ಕೆಲಸ ಮಾಡುವಾಗ ಮುಂದಿನ ಕೆಲಸದ ಚಿಂತೆ. ಹಾಗಿದ್ದಾಗ ಮಾಡುತ್ತಿರುವ ಕೆಲಸವೇ ಮನಸ್ಸಿಗೆ ಇಳಿಯುವುದಿಲ್ಲ. ಇಂಥವರಿಗೆ "ಸ್ವಲ್ಪ ನಿಧಾನವಾಗಿ ಬದುಕಿ" ಎಂದು ಬುದ್ಧಿ ಹೇಳುವುದು ನಮ್ಮ ಪ್ರಕಾರ ಅನ್ಯಾಯ. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಲ್ಲ. ಮನೆಯ ಗಂಡಸರು ಒಂದು ಕೊಡ ನೀರು ತಂದರೂ ಯಾರೋ ಒಬ್ಬರ ಹೊತ್ತು ಹತ್ತು ನಿಮಿಷ ಉದ್ದವಾಗುತ್ತದೆ.

ಇನ್ನು ಕೈಯಲ್ಲಿರುವ ಮೊಬೈಲ್. ನೀವು ಇದನ್ನು ಓದುತ್ತಿರುವುದೂ ಅದರಲ್ಲೇ, ಹಾಗಾಗಿ ಮೊಬೈಲನ್ನು ಬೈಯಲು ನಾವು ಹೊರಟಿಲ್ಲ. ಒಂದೇ ಪರೀಕ್ಷೆ ಮಾಡಿ ನೋಡಿ. ನಿನ್ನೆ ರಾತ್ರಿ ಅರ್ಧ ತಾಸು ರೀಲ್ಸ್ ನೋಡಿದ್ದರೆ ಅದರಲ್ಲಿ ಮೂರನ್ನು ನೆನಪಿಸಿಕೊಳ್ಳಿ. ಕಷ್ಟವಾಗುತ್ತದೆ. ನೋಡುವಾಗ ಎಲ್ಲವೂ ಹೊಸದೇ. ಆದರೆ ಒಂದು ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಬಂದು ಅದನ್ನು ತಳ್ಳಿರುತ್ತದೆ. ಆ ಅರ್ಧ ತಾಸು ಹೊತ್ತನ್ನೂ ತಿಂದಿತು, ನೆನಪನ್ನೂ ಉಳಿಸಲಿಲ್ಲ.

ಹಿಂದಿನವರು ಹೊತ್ತನ್ನು ಹೇಗೆ ಎಣಿಸುತ್ತಿದ್ದರು ನೋಡಿ. ರೋಹಿಣಿ ಮಳೆ, ಮಿರಗ, ಆರಿದ್ರಾ, ಪುನರ್ವಸು ಎಂದು ಒಂದೊಂದು ಮಳೆಗೂ ಹೆಸರು. ಒಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಪ್ರತಿ ಮಳೆಗೂ ಅದರದೇ ಕೆಲಸ, ಅದರದೇ ಗಾದೆ. ಹೀಗೆ ವರ್ಷದ ತುಂಬಾ ಗುರುತುಗಳಿದ್ದವು. ಹಿಂದಿನ ಕಾಲ ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಹಸಿವಿತ್ತು, ಜ್ವರವಿತ್ತು, ಮೈಮುರಿಯುವ ದುಡಿತವಿತ್ತು. ಆದರೆ ಒಂದು ಹದಿನೈದು ದಿನ ಇನ್ನೊಂದು ಹದಿನೈದು ದಿನದ ಹಾಗೆ ಇರುತ್ತಿರಲಿಲ್ಲ.

ಗಡಿಯಾರದ ಹೊತ್ತೂ ನಾವು ಮಾಡಿಕೊಂಡ ಒಂದು ಒಪ್ಪಂದವೇ. ನಮ್ಮ ದೇಶದ ಸಮಯವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖೆಯ ಮೇಲೆ ಲೆಕ್ಕ ಹಾಕುತ್ತಾರೆ. ಮೌಳಂಗಿ ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಗಡಿಯಾರವೇ ಹೀಗಿರುವಾಗ ಮನಸ್ಸಿನ ಹೊತ್ತು ಎಲ್ಲರಿಗೂ ಒಂದೇ ಇರಬೇಕು ಎಂದು ಹಟ ಹಿಡಿಯುವುದು ಯಾಕೆ?

ಉಳವಿ ಜಾತ್ರೆಯನ್ನೇ ತೆಗೆದುಕೊಳ್ಳಿ. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಭಕ್ತರು ಬರುತ್ತಾರೆ. ಕಾರಿನಲ್ಲಿ ಕೆಲವೇ ತಾಸಿನ ದಾರಿ ಅವರಿಗೆ ಹಲವು ದಿನ. ದಾರಿಯಲ್ಲಿ ಒಲೆ ಹೂಡುತ್ತಾರೆ, ಎತ್ತಿಗೆ ನೀರು ಕುಡಿಸುತ್ತಾರೆ, ಕಾಡಿನ ಚಳಿಯಲ್ಲಿ ಮಲಗುತ್ತಾರೆ. ಕಾರಿನಲ್ಲಿ ಹೋದವರಿಗೆ ಜಾತ್ರೆ ಮಾತ್ರ ನೆನಪಿರುತ್ತದೆ, ಚಕ್ಕಡಿಯವರಿಗೆ ದಾರಿಯೂ ನೆನಪಿರುತ್ತದೆ. ಎಲ್ಲರೂ ಚಕ್ಕಡಿ ಹತ್ತಿ ಎಂದು ನಾವು ಹೇಳುವುದಿಲ್ಲ. ವರ್ಷದಲ್ಲಿ ಒಂದಾದರೂ ಕೆಲಸವನ್ನು ಹೀಗೆ ದಾರಿ ನೆನಪಿರುವ ಹಾಗೆ ಮಾಡಬಹುದಲ್ಲ?

ಈಗ ಮುಖ್ಯ ಮಾತಿಗೆ ಬರೋಣ. ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ತಾಲೂಕು ಕೇಂದ್ರವಾಗಿದ್ದ ಸೂಪಾ ಊರು ನೀರಿನಡಿ ಹೋಯಿತು, ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರದಲ್ಲಿ ನೆಲೆ ನಿಂತವು. ಆಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತರ ಹತ್ತಿರ ಇದ್ದಾರೆ. ಆಗ ನಲವತ್ತರವರು ಎಂಬತ್ತರ ಹತ್ತಿರ. ಸೂಪಾದ ಸಂತೆ ಯಾವ ಕಡೆ ಕೂರುತ್ತಿತ್ತು, ಯಾರ ಮನೆಯ ಹಿತ್ತಿಲಲ್ಲಿ ಏನಿತ್ತು, ಊರು ಬಿಡುವ ದಿನ ಏನೇನು ಹೊತ್ತು ತಂದರು ಎಂಬುದು ಅವರ ಬಾಯಲ್ಲಿದೆ, ಕೊಂಕಣಿಯಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ. ಹೇಳಲು ಅವರಿಗೆ ಮಧ್ಯಾಹ್ನಗಳು ಬೇಕಾದಷ್ಟಿವೆ. ಕೇಳುವ ವಯಸ್ಸಿನವರ ಬಾಯಲ್ಲಿ ಮಾತ್ರ "ಮುಂದಿನ ವಾರ ಬರ್ತೇನೆ ಅಜ್ಜಾ" ಎಂಬ ಮಾತು. ನಮ್ಮ ಲೆಕ್ಕದ ಮುಂದಿನ ವಾರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ಅವರ ಲೆಕ್ಕದಲ್ಲಿ ಅದು ಏಳು ಉದ್ದನೆಯ ಮಧ್ಯಾಹ್ನ. ಆಮೇಲೆ ಒಂದು ದಿನ ಹೇಳುವವರೇ ಇರುವುದಿಲ್ಲ.

ಆದ್ದರಿಂದ ನಮ್ಮದೊಂದು ವಿನಂತಿ. ಹಿರಿಯರಿಗೆ "ಆಮೇಲೆ" ಎನ್ನಬೇಡಿ, ವಾರ ಹೇಳಿ, ಹೊತ್ತು ಹೇಳಿ, ಹೇಳಿದ ಹೊತ್ತಿಗೆ ಹೋಗಿ. ಮಗುವಿಗೂ ಅಷ್ಟೇ, "ನಾಳೆ" ಎಂದರೆ ನಾಳೆಯೇ. ಹೋದಾಗ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಅವರ ಒಪ್ಪಿಗೆ ಕೇಳಿ, ಪಕ್ಕಕ್ಕಿಡಿ. ಅರ್ಧ ತಾಸು ಸಾಕು. ಹಳೆಯ ಮಳೆ, ಹಳೆಯ ದಾರಿ, ಹಳೆಯ ಸೂಪಾ, ಯಾವುದಾದರೂ ಒಂದನ್ನು ಕೇಳಿ. ಅವರ ಒಂದು ಉದ್ದನೆಯ ಮಧ್ಯಾಹ್ನ ಚೆನ್ನಾಗಿ ಕಳೆಯುತ್ತದೆ. ನಿಮ್ಮ ಗಿಡ್ಡ ವರ್ಷದಲ್ಲಿ ನೆನಪಿಡುವ ಒಂದು ದಿನ ಸೇರುತ್ತದೆ. ಊರಿಗೆ ಅದರ ಕತೆ ಉಳಿಯುತ್ತದೆ.

ಈ ಭಾನುವಾರವೇ ಶುರು ಮಾಡಿ. ಮುಂದಿನ ಚವತಿ ಬರಲು ನಾವು ಅಂದುಕೊಂಡಷ್ಟು ದಿನ ಉಳಿದಿಲ್ಲ.