ಆಸ್ಪತ್ರೆಯಲ್ಲಿ ಮಕ್ಕಳ ಭೀತಿ

ಮಗುವಿಗೆ ಶಸ್ತ್ರಕ್ರಿಯೆ ಆಗಬೇಕೆಂದಾಗ ವೈದ್ಯರು ಆ ವಿಚಾರವನ್ನು ತಂದೆಗೆ ತಿಳಿಸುತ್ತಾರೆ. ತಂದೆಯು ಖರ್ಚಿನ ಮಾತನ್ನು ಬಂಧುಗಳೊಡನೆ ಆಡುತ್ತಾನೆ. ಯಾರ ಮೈಮೇಲೆ ಶಸ್ತ್ರ ಆಡಬೇಕಾಗಿದೆಯೋ ಆ ಮಗುವಿಗೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ. ಹೇಳಿದರೂ, ಪೇಟೆಗೆ ಹೋಗಿ ಬರೋಣವೆಂಬ ಸುಳ್ಳನ್ನು ಹೇಳುತ್ತಾರೆ. ಹಟ ಮಾಡಿದರೆ ಡಾಕ್ಟರರಿಂದ ಸೂಜಿ ಚುಚ್ಚಿಸುತ್ತೇವೆಂದು ಬೆದರಿಸಿ ಅನ್ನ ಉಣ್ಣಿಸಿದ ಮನೆಯವರೇ, ಅದೇ ಡಾಕ್ಟರರ ಮುಂದೆ ಮಗು ಅಳಬಾರದೆಂದು ಬಯಸುವುದು ವಿಚಿತ್ರವೇ ಸರಿ.

ಅತ್ತು ತಾನಾಗಿಯೇ ಸುಮ್ಮನಾಗುತ್ತದೆಂದು ಈ ಭಯವನ್ನು ತಳ್ಳಿಹಾಕುವವರು ಇಲ್ಲದಿಲ್ಲ. ಅಮೆರಿಕೆಯ ಡಾಕ್ಟರ್ ಜೀವ್ ಕೇನ್‌ರವರೂ ಅವರ ಸಹೋದ್ಯೋಗಿಗಳೂ ಟಾನ್ಸಿಲ್ ಶಸ್ತ್ರಕ್ರಿಯೆಗೆ ಬಂದ 241 ಮಕ್ಕಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವಿಷಯಗಳನ್ನು ಅಂಥವರು ಗಮನಿಸಬೇಕು. ಮೊದಲು ಹೆಚ್ಚಾಗಿ ಹೆದರಿದ್ದ ಮಕ್ಕಳಿಗೆ ಆಮೇಲೆ ನೋವೂ ಹೆಚ್ಚಾಯಿತು; ನೋವಿನ ಔಷಧ ಹೆಚ್ಚು ಬೇಕಾಯಿತು; ಮನೆಗೆ ಮರಳಿದ ಮೇಲೂ ಅವರ ನಿದ್ರೆ ಕೆಟ್ಟಿತು. ಆದುದರಿಂದ ಭಯನಿವಾರಣೆಯನ್ನು ಚಿಕಿತ್ಸೆಯ ಅಂಗವೆಂದೇ ಎಣಿಸತಕ್ಕದ್ದು.

ಇದಕ್ಕೆ ವೈದ್ಯರು ಬಹುಕಾಲದಿಂದ ಮಿಡಜೊಲಾಂ ಎಂಬ ಮಂಪರು ಬರಿಸುವ ಔಷಧವನ್ನು ಕುಡಿಸುತ್ತಿದ್ದಾರೆ. 2016ರಲ್ಲಿ ಹಾಂಗ್‌ಕಾಂಗಿನಲ್ಲಿ ಸೇರಿದ್ದ ಅರಿವಳಿಕೆ ತಜ್ಞರ ವಿಶ್ವಸಮ್ಮೇಳನದ ಮುಂದೆ ಫ್ರಾನ್ಸಿನ ಲಿಯೋನ್ ನಗರದ ವೈದ್ಯರು ತಮ್ಮ ಪ್ರಯೋಗವೊಂದನ್ನು ಇಟ್ಟರು. 4ರಿಂದ 10 ವರ್ಷದ ಮಕ್ಕಳಲ್ಲಿ ಕೆಲವರಿಗೆ ಆ ಔಷಧವನ್ನೂ ಉಳಿದವರ ಕೈಗೆ ಆಟಗಳಿದ್ದ ಐಪ್ಯಾಡನ್ನೂ ಕೊಟ್ಟು ನೋಡಲಾಗಿ, ಭಯ ಎರಡು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಸಮಾನವಾಗಿತ್ತು. ತಂದೆತಾಯಿಗಳಿಗೂ ದಾದಿಯರಿಗೂ ಆಟವೇ ಹೆಚ್ಚು ಮೆಚ್ಚಿಕೆಯಾಯಿತು. ಗಾಜಿನ ಹಲಗೆಯೊಂದು ಔಷಧಕ್ಕೆ ಸಾಟಿಯಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ.

ಆದರೂ ಆಟವು ಮಗುವಿನ ಗಮನವನ್ನು ಬೇರೆಡೆಗೆ ಎಳೆಯುತ್ತದೆಯೇ ಹೊರತು ಅದಕ್ಕೆ ತಿಳಿವಳಿಕೆ ಕೊಡುವುದಿಲ್ಲ. ನಾವು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಬಗೆಯ ಆ್ಯಪ್‌ಗಳಿಗೆ. ಬ್ರಿಟನ್ನಿನ ಲಿಟಲ್ ಜರ್ನಿ ಎಂಬುದು ಮಗು ಮರುದಿನ ಕಾಣಲಿರುವ ಕೊಠಡಿಗಳನ್ನೂ ಉಪಕರಣಗಳನ್ನೂ ಮನೆಯಲ್ಲಿಯೇ ತೋರಿಸಿಕೊಡುತ್ತದೆ. ಮೆಲ್ಬರ್ನಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯ ಓಕೀ ಎಂಬುದು ಎಕ್ಸ್‌ರೇ, ಎಂ.ಆರ್.ಐ. ಮುಂತಾದವನ್ನು ಆಟದ ಮೂಲಕ ಪರಿಚಯಿಸುತ್ತದೆ. ಎಂ.ಆರ್.ಐ. ಯಂತ್ರದ ಆರ್ಭಟ ದೊಡ್ಡವರನ್ನೇ ಬೆಚ್ಚಿಬೀಳಿಸುವಂಥದು. ಆ ಸದ್ದನ್ನು ಮುಂಚೆಯೇ ಕೇಳಿ, ಅಲುಗಾಡದೆ ಮಲಗುವುದನ್ನು ಆಟವಾಗಿ ಕಲಿತ ಮಗುವಿಗೆ ಕೆಲವೊಮ್ಮೆ ಮಂಪರಿನ ಔಷಧವೇ ಬೇಕಾಗುವುದಿಲ್ಲ.

ಇವು ಇಂಗ್ಲಿಷ್ ನಾಡುಗಳಲ್ಲಿ ಹುಟ್ಟಿದವು. ಅಲ್ಲಿಯ ಕೊಠಡಿಯ ಚಿತ್ರವನ್ನು ನೋಡಿಕೊಂಡು ಬಂದ ಹಳ್ಳಿಯ ಬಾಲಕನು ನಮ್ಮ ಜಿಲ್ಲಾಸ್ಪತ್ರೆಯ ಸಾಲುಮಂಚಗಳ ನಡುವೆ ನಿಂತಾಗ ಅವನಿಗೆ ಆಗುವ ಪ್ರಯೋಜನವಾದರೂ ಏನು? ಅವನಿಗೆ ತೋರಿಸಬೇಕಾದದ್ದು ಅವನು ಬರತಕ್ಕ ಆಸ್ಪತ್ರೆಯ ಬಾಗಿಲು, ಅಲ್ಲಿಯ ದಾದಿಯ ಮುಖ, ಮೂಗಿನ ಮೇಲೆ ಇಡುವ ಮುಸುಕು. ಅದೂ ಅವನ ಮನೆಮಾತಿನಲ್ಲಿ. ಸೂಜಿ ಚುಚ್ಚುವಾಗ ನೋಯುತ್ತದೆ, ಬೇಗ ನಿಲ್ಲುತ್ತದೆ ಎಂದು ನಿಜವನ್ನೇ ಹೇಳಬೇಕು. ಬೀದರಿನ ಮಗುವಿನ ಕನ್ನಡ ಬೇರೆ, ಕುಂದಾಪುರದ ಮಗುವಿನದು ಬೇರೆ. ಲಂಡನ್ನಿನ ಕಂಪನಿಗೆ ತಿಳಿಯದ ಈ ಭೇದ ಆಯಾ ಊರಿನ ದಾದಿಗೆ ಚೆನ್ನಾಗಿ ತಿಳಿದಿದೆ.

ಒಂದು ಅಪಾಯವನ್ನೂ ಹೇಳಿಬಿಡಬೇಕು. ಮಗುವಿನ ಕೈಗೆ ಫೋನು ಕೊಟ್ಟೆವೆಂದು ತಾಯಿಯನ್ನು ಹೊರಗೆ ನಿಲ್ಲಿಸುವ ಆಸ್ಪತ್ರೆಗಳು ಹುಟ್ಟಿಕೊಳ್ಳಬಾರದು. ತಂದೆತಾಯಿಗಳನ್ನು ಮಕ್ಕಳ ಬಳಿಗೆ ಧಾರಾಳವಾಗಿ ಬಿಡಬೇಕೆಂದು ಬ್ರಿಟನ್ನಿನ ಪ್ಲಾಟ್ ಸಮಿತಿಯು 1959ರಷ್ಟು ಹಿಂದೆಯೇ ಶಿಫಾರಸು ಮಾಡಿತ್ತು.

ದೊಡ್ಡ ಯೋಜನೆಯನ್ನೂ ಟೆಂಡರನ್ನೂ ಕಾಯುವ ಅಗತ್ಯ ಇಲ್ಲಿಲ್ಲ. ಬೆಂಗಳೂರಿನ ವಾಣಿವಿಲಾಸದಂಥ ಒಂದು ಸರಕಾರಿ ಆಸ್ಪತ್ರೆಯಲ್ಲಿ, ಒಂದು ಫೋನಿನಿಂದ ತೆಗೆದ ಚಿತ್ರಗಳೂ ಒಬ್ಬ ದಾದಿಯ ಧ್ವನಿಯೂ ಆರಂಭಕ್ಕೆ ಸಾಕು. ಶಸ್ತ್ರಕ್ರಿಯೆಯ ದಿನಾಂಕವನ್ನು ಬರೆದುಕೊಡುವಾಗಲೇ ಅದನ್ನು ತಂದೆಯ ಫೋನಿಗೆ ಕಳುಹಿಸಿಕೊಡುವ ಏರ್ಪಾಡನ್ನು ಆರೋಗ್ಯ ಇಲಾಖೆಯು ಈ ವರ್ಷವೇ ಮಾಡಲಿ. ಫೋನಿಲ್ಲದ ಮನೆಯ ಮಗುವಿಗೆ ಹೊರರೋಗಿ ವಿಭಾಗದಲ್ಲಿಯೇ ತೋರಿಸಲಿ.