17 ತಾಸು ಅಂತ ಹೇಳಿದವನು ನಾನೇ

ದೊಡ್ಡಪ್ಪ ತೀರಿಕೊಂಡದ್ದು ಬುಧವಾರ ಬೆಳಗಿನ 5ಕ್ಕೆ, ಹಿಟ್ನಾಳದ ಮನೆಯಲ್ಲಿ. ಮಗ ಅಮೆರಿಕದ ಸ್ಯಾನ್ ಹೋಸೆಯಲ್ಲಿ. ಅಲ್ಲಿ ಇನ್ನೂ ಮಂಗಳವಾರ ಸಂಜೆ ನಾಲ್ಕೂವರೆ. 'ಬರ್ತೀನಿ, ನಾ ಬರೂತನ ಮಣ್ಣು ಮಾಡಬ್ಯಾಡ್ರಿ' ಅಂದ. ಹಿರಿಯರು ನನ್ನ ಕಡೆ ತಿರುಗಿದರು. 'ಎಷ್ಟೊತ್ತಿಗೆ ಮುಟ್ತಾನ? ಮೊಬೈಲ್‌ನಾಗ ನೋಡಪಾ.'

ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ., 17 ತಾಸು. 'ನಾಳೆ ಮುಂಜಾನೆ 10ಕ್ಕೆ ಮಣ್ಣು ಇಟ್ಕೊಳ್ರಿ' ಅಂದುಬಿಟ್ಟೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಬೀಗರಿಗೆಲ್ಲ ಅದೇ ಸುದ್ದಿ ಹೋಯಿತು.

ಆ 17 ತಾಸು ಸುಳ್ಳಲ್ಲ. ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ 2021ರ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದಾಗ ಹಿಡಿದದ್ದು ಅಷ್ಟೇ ಹೊತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು; ಹಿಡಿದದ್ದು ಉತ್ತರ ಧ್ರುವದ ಹಾದಿ. ಗೋಡೆಯ ಮ್ಯಾಪ್ ನೋಡಿದರೆ ಇದು ಸುತ್ತು ಅನಿಸುತ್ತೆ. ಗೋಳದ ಮೇಲೆ ಒಂದು ದಾರ ಎಳೆದು ನೋಡಿ, ಅದು ತಾನಾಗೇ ಆರ್ಕ್ಟಿಕ್ ಕಡೆ ಹತ್ತಿ ಇಳಿಯುತ್ತೆ. ಮೊಬೈಲ್ ತೋರಿಸುವ ದೂರ ಆ ದಾರದ್ದು. ತೋರಿಸುವ ಸಮಯ ಬರೀ ಹಾರಾಟದ್ದು.

ನಾನು ಮರೆತದ್ದು ಉಳಿದದ್ದನ್ನೆಲ್ಲ. ನೇರ ವಿಮಾನ ದಿನಾ ಇರುತ್ತಿರಲಿಲ್ಲ, ಅವತ್ತೂ ಇರಲಿಲ್ಲ. ಟಿಕೆಟ್ ಹುಡುಕಿ, ಬ್ಯಾಗ್ ತುಂಬಿ, ಏರ್‌ಪೋರ್ಟ್ ಸೇರಿ, ವಿಮಾನ ಮೇಲೇಳುವಷ್ಟರಲ್ಲಿ 5 ತಾಸು. ದುಬೈಗೆ 16. ಅಲ್ಲಿ ಕಾಯೋದು 3. ಬೆಂಗಳೂರಿಗೆ 4. ಪಾಸ್‌ಪೋರ್ಟ್ ಸಾಲಿನಲ್ಲಿ 1. ಆಮೇಲೆ ದೇವನಹಳ್ಳಿಯಿಂದ ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ದಾಟಿ, ಡ್ಯಾಮ್ ಪಕ್ಕದಲ್ಲಿ ಹಾದು ಹಿಟ್ನಾಳಕ್ಕೆ ಮತ್ತೆ 7. ಒಟ್ಟು 36. ಆಕಾಶದಲ್ಲಿ ತಾಸಿಗೆ 800 ಕಿ.ಮೀ. ಬಂದವನು ಕೊನೆಗೆ ಲಾರಿಗಳ ಹಿಂದೆ 50ರಲ್ಲಿ ಬಂದ. (ಹುಬ್ಬಳ್ಳಿಗೆ ಇನ್ನೊಂದು ವಿಮಾನ ಹತ್ತಬಹುದಿತ್ತು, ಆದರೆ ಅದಕ್ಕೆ ಕಾಯುವ ಹೊತ್ತಿಗೆ ಕಾರು ಅರ್ಧ ದಾರಿ ಬಂದಿರುತ್ತೆ.)

ಗುರುವಾರ 10ಕ್ಕೆ ಜನ ಸೇರಿದರು. ಅವನು ಆಗಷ್ಟೇ ಕಾರು ಹತ್ತಿದ್ದ. ಬಿಸಿಲು. ಊಟ ಮಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಫ್ರೀಜರ್ ಪೆಟ್ಟಿಗೆಯ ಕರೆಂಟ್ ಎರಡು ಸಲ ಹೋಯಿತು. ಭಜನೆಯವರ ದನಿ ಬಿದ್ದುಹೋಯಿತು. ಯಾರೂ ನನಗೆ ಏನೂ ಅನ್ನಲಿಲ್ಲ. ವಯಸ್ಸಾದ ಒಬ್ಬರು ಮಾತ್ರ ಪ್ರತಿ ತಾಸಿಗೊಮ್ಮೆ 'ಈಗ ಎಲ್ಲಿ ಅದಾನಪಾ?' ಅಂತ ಕೇಳೋರು. ಲೈವ್ ಲೊಕೇಶನ್ ತೋರಿಸ್ತಿದ್ದೆ. ನೀಲಿ ಚುಕ್ಕೆ ಹಿರಿಯೂರಲ್ಲೇ ಇದೆ ಅನಿಸ್ತಿತ್ತು.

ದೊಡ್ಡಮ್ಮ ಒಂದೇ ಮಾತು ಅಂದಿದ್ದಳು: 'ಎಷ್ಟೊತ್ತಾದ್ರೂ ಆಗ್ಲಿ, ಮಾರಿ ನೋಡ್ಲಿ.'

ಸಂಜೆ 5ಕ್ಕೆ ಟೋಲ್ ದಾಟಿದೆ ಅಂತ ಫೋನ್ ಬಂತು. ಕಾರಿನಿಂದ ಇಳಿದವನು ಪೆಟ್ಟಿಗೆ ಮುಂದೆ ಬಹಳ ಹೊತ್ತು ಕೂತ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದ: 'ಇವತ್ತು ಯಾವ ವಾರ?'